ಕಾಯುವ ಬಲ: ವನಪಾಲನೆ ಮತ್ತು ಗ್ರಾಮೀಣ ಬಡತನ



ಕನ್ನಡದಲ್ಲಿ ‘ಕಾಯುವುದು’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸಗಳನ್ನು ಹೇಳುತ್ತದೆ. ಹೊಲ ಕಾಯುವುದು, ದನ ಕಾಯುವುದು ಎಂದಾಗ ಅದು ರಕ್ಷಣೆ; ಮಳೆಗೆ ಕಾಯುವುದು, ಫಸಲಿಗೆ ಕಾಯುವುದು ಎಂದಾಗ ಅದು ನಿರೀಕ್ಷೆ. ಗಿಡ ನೆಟ್ಟು ಮರವಾಗಿಸುವ, ಇರುವ ಕಾಡನ್ನು ಕೆಡದಂತೆ ಬಳಸುವ, ಅದರಲ್ಲಿ ಸಿಗುವುದನ್ನು ಕೊಯ್ದು, ಹಸನುಮಾಡಿ ಮಾರುವ ಕೆಲಸಗಳಿಗೆಲ್ಲ ಒಟ್ಟಾಗಿ ‘ವನಪಾಲನೆ’ ಎಂಬ ಹೆಸರನ್ನು ಈ ಉಪನ್ಯಾಸದಲ್ಲಿ ಬಳಸಲಾಗಿದ್ದು, ಆ ಕಸುಬಿಗೆ ಎರಡೂ ಅರ್ಥದ ಕಾಯುವಿಕೆ ಅನಿವಾರ್ಯ. ರಾಗಿ ನಾಲ್ಕು ತಿಂಗಳಲ್ಲಿ ಕಣಕ್ಕೆ ಬರುತ್ತದೆ. ಬೀಜದಿಂದ ಬೆಳೆಸಿದ ಹುಣಸೆ ಫಲ ಕೊಡಲು ಎಂಟು ಹತ್ತು ವರ್ಷ ಬೇಕು. ಗಂಧದ ಮರದಲ್ಲಿ ಬೆಲೆಬಾಳುವ ಚೇಗು ಕಟ್ಟಲು ಹದಿನೈದು ವರ್ಷವೂ ಸಾಲದು. ಅಷ್ಟು ಕಾಲ ಮರವನ್ನು ದನ, ಬೆಂಕಿ, ಕಳ್ಳರಿಂದ ಕಾಯಬೇಕು, ಅಷ್ಟೇ ಕಾಲ ಅದರ ಫಲಕ್ಕಾಗಿಯೂ ಕಾಯಬೇಕು.

ಬಡತನದ ಲಕ್ಷಣಗಳನ್ನು ಅರ್ಥಶಾಸ್ತ್ರಜ್ಞರು ಆದಾಯ, ಆಹಾರ, ಅಕ್ಷರ ಎಂದು ಹಲವು ಅಳತೆಗೋಲುಗಳಿಂದ ಗುರುತಿಸುತ್ತಾರೆ. ವನಪಾಲನೆಯ ಕಣ್ಣಿನಿಂದ ನೋಡಿದರೆ ಅವೆಲ್ಲಕ್ಕಿಂತ ಮುಂದೆ ನಿಲ್ಲುವ ಲಕ್ಷಣವೆಂದರೆ ಕಾಯಲಾರದ ಸ್ಥಿತಿ. ಸಂಜೆಯ ಒಲೆಗೆ ಇಂದೇ ಸೌದೆ ಬೇಕಾದವರು, ಮಗುವಿನ ಔಷಧಿಗಾಗಿ ಹುಣಸೆಯನ್ನು ಹೂವಿನಲ್ಲೇ ಗುತ್ತಿಗೆದಾರನಿಗೆ ಬರೆದುಕೊಡುವವರು, ತಾವು ಬಿಟ್ಟ ಕಾಯನ್ನು ನಾಳೆ ಬೇರೆಯವರು ಕೊಯ್ಯುತ್ತಾರೆಂದು ಎಳೆಗಾಯನ್ನೇ ಕೀಳುವವರು ಮರದ ಬೆಲೆ ತಿಳಿಯದವರೇನಲ್ಲ, ಮರದೊಡನೆ ಕಾಯುವ ಶಕ್ತಿ ಇಲ್ಲದವರು. ಹಾಗಿದ್ದಮೇಲೆ ಕಾಡು ಬೆಳೆಸುವುದರಿಂದ ಹಳ್ಳಿಯ ಬಡತನ ತಗ್ಗುವುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದವರು, ಎಷ್ಟು ಸಸಿ ನೆಡಲಾಯಿತೆಂದು ಎಣಿಸುವ ಮೊದಲು, ಬಡವರ ಪರವಾಗಿ ಆ ಕಾಯುವಿಕೆಯ ಖರ್ಚನ್ನು ಯಾರು ಹೊರುತ್ತಾರೆ ಎಂದು ಕೇಳಬೇಕಾಗುತ್ತದೆ. ಈ ಉಪನ್ಯಾಸದ ವಾದ ಇದರ ಸುತ್ತಲೇ ಸಾಗುತ್ತದೆ.

ಕಾಡು ಬಡವರ ಬದುಕಿನಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದಕ್ಕೆ ಲೆಕ್ಕಗಳಿಗೆ ಕೊರತೆಯಿಲ್ಲ. 1980ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಎನ್. ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಪ್ರದೇಶದ 80ಕ್ಕೂ ಹೆಚ್ಚು ಹಳ್ಳಿಗಳನ್ನು ಅಧ್ಯಯನ ಮಾಡಿ, ಬಡ ಕುಟುಂಬಗಳ ಆದಾಯದಲ್ಲಿ ಶೇ. 14ರಿಂದ 23ರಷ್ಟು ಪಾಲು ಗೋಮಾಳ, ಕುರುಚಲು ಕಾಡು, ಕೆರೆಯಂಗಳದಂತಹ ಸಾಮೂಹಿಕ ಸಂಪತ್ತಿನಿಂದ ಬರುತ್ತದೆಂದು ತೋರಿಸಿದರು. ಉಳ್ಳವರ ಆದಾಯದಲ್ಲಿ ಆ ಪಾಲು ಬಹಳ ಕಡಿಮೆ ಇತ್ತು. ಸಾಮೂಹಿಕ ಸಂಪತ್ತೆಂದರೆ ಯಾರೊಬ್ಬರ ಖಾತೆಯಲ್ಲೂ ಇಲ್ಲದ, ಆದರೆ ಊರಿನವರೆಲ್ಲ ಬಳಸುವ ನೆಲ ಮತ್ತು ನೀರು. ಮೂರು ಖಂಡಗಳ 24 ದೇಶಗಳ ಸುಮಾರು 8,000 ಕುಟುಂಬಗಳನ್ನು ಒಳಗೊಂಡ, 2014ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನವೂ ಕಾಡಿನ ಅಂಚಿನ ಮನೆಗಳ ಆದಾಯದಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಕಾಡು ಕೊಡುತ್ತದೆಂದು ಕಂಡಿತು. ಆದರೆ ಈ ಅಂಕಿಗಳಿಂದ ಕಾಡು ಬಡತನವನ್ನು ಕಳೆಯುತ್ತದೆಂಬ ತೀರ್ಮಾನಕ್ಕೆ ಹಾರುವುದು ತಪ್ಪಾದೀತು. ಬರಗಾಲದಲ್ಲಿ ಗೆಡ್ಡೆಗೆಣಸು ಕೊಟ್ಟು, ಕೂಲಿಯಿಲ್ಲದ ತಿಂಗಳಲ್ಲಿ ಸೌದೆ ಹೊರೆಯ ನಾಲ್ಕು ಕಾಸು ಕೊಟ್ಟು ಕುಟುಂಬವೊಂದು ಮತ್ತಷ್ಟು ಕೆಳಗೆ ಬೀಳದಂತೆ ಹಿಡಿಯುವುದು ಒಂದು ಬಗೆಯ ನೆರವು. ಆ ಕುಟುಂಬ ಮಗಳನ್ನು ಓದಿಸಿ, ಸಾಲ ತೀರಿಸಿ, ಹೆಂಚಿನ ಮನೆ ಕಟ್ಟುವಂತೆ ಮಾಡುವುದು ಇನ್ನೊಂದು ಬಗೆಯದು. ಕಾಡು ಮೊದಲನೆಯದನ್ನು ಲಾಗಾಯ್ತಿನಿಂದ ಮಾಡಿಕೊಂಡು ಬಂದಿದೆ. ಎರಡನೆಯದು ಅಪರೂಪ.

ಆ ಅಪರೂಪಕ್ಕೆ ಕಾರಣ ಕಾಡಿನಲ್ಲಿಲ್ಲ, ಕಾಡಿನ ಕಾನೂನಿನಲ್ಲಿದೆ. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದ ಮೇಲೆ 1865ರಲ್ಲಿ ಒಂದು, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಅರಣ್ಯ ಕಾಯಿದೆ ಬಂದಿತು. ಎರಡನೆಯದು ಕಾಡನ್ನು ಕಾಯ್ದಿಟ್ಟ ಅರಣ್ಯ, ರಕ್ಷಿತ ಅರಣ್ಯ, ಗ್ರಾಮ ಅರಣ್ಯ ಎಂದು ವಿಂಗಡಿಸಿತು. ‘ಕಾಯ್ದಿಟ್ಟ’ ಎಂಬ ಕನ್ನಡ ಪದವೇ ಇಲ್ಲಿ ಸ್ವಾರಸ್ಯಕರವಾಗಿದೆ: ಕಾಯ್ದಿಟ್ಟದ್ದು ಯಾರಿಗಾಗಿ ಎಂದು ಕೇಳಿದರೆ ರೈಲಿನ ಸ್ಲೀಪರಿಗೆ, ಹಡಗಿಗೆ, ಬೊಕ್ಕಸಕ್ಕೆ ಎಂಬುದೇ ಉತ್ತರ. ಗ್ರಾಮ ಅರಣ್ಯವೆಂಬ ಮೂರನೆಯ ಬಗೆ ಬಹುಪಾಲು ಕಾಗದದಲ್ಲೇ ಉಳಿಯಿತು. ಹಳ್ಳಿಯವರು ಅದುವರೆಗೆ ಬಳಸುತ್ತಿದ್ದುದನ್ನು ಹೊಸ ಕಾನೂನು ಹಕ್ಕೆಂದು ಒಪ್ಪದೆ ಸವಲತ್ತೆಂದು ಕರೆಯಿತು. ಹಕ್ಕನ್ನು ಕಿತ್ತುಕೊಳ್ಳಲು ಕಾರಣ ಹೇಳಬೇಕು, ಸವಲತ್ತನ್ನು ನಿಲ್ಲಿಸಲು ಆದೇಶವೊಂದು ಸಾಕು. ಸವಲತ್ತಿನ ಮೇಲೆ ಬದುಕುವವರು ಹತ್ತು ವರ್ಷದಾಚೆಯ ಮರದ ಬಗ್ಗೆ ಯೋಚಿಸುವ ಧೈರ್ಯ ಮಾಡುವುದಿಲ್ಲ. 1952ರ ರಾಷ್ಟ್ರೀಯ ಅರಣ್ಯ ನೀತಿಯೂ ಇದೇ ಜಾಡಿನಲ್ಲಿ ನಡೆದು, ಕಾಡಿನ ಪಕ್ಕದಲ್ಲಿದೆ ಎಂಬ ಆಕಸ್ಮಿಕದಿಂದ ಹಳ್ಳಿಗೆ ಹೆಚ್ಚಿನ ಅಧಿಕಾರ ಸಲ್ಲದೆಂದು ಭಾವಿಸಿತು. ಸ್ಥಳೀಯರ ಅಗತ್ಯಕ್ಕೆ ಕಾಡಿನ ಮೇಲೆ ಮೊದಲ ಪಾಲು ಎಂಬ ಮಾತು ನೀತಿಯೊಳಕ್ಕೆ ಬರಲು 1988ರವರೆಗೆ ಕಾಯಬೇಕಾಯಿತು.

ನಡುವಿನ ಪ್ರಯೋಗಗಳಲ್ಲಿ ಕರ್ನಾಟಕಕ್ಕೆ ಪಾಠ ಕಲಿಸಿದ್ದು ಸಾಮಾಜಿಕ ಅರಣ್ಯ ಯೋಜನೆ. ಹಳ್ಳಿಗಳ ಸೌದೆ, ಮೇವು, ಸಣ್ಣ ಮರಮಟ್ಟುಗಳ ಕೊರತೆ ನೀಗಲು ಕಾಡಿನ ಹೊರಗೆ, ಎಂದರೆ ಹೊಲದ ಬದು, ಗೋಮಾಳ, ಕೆರೆ ಏರಿಗಳಲ್ಲಿ ಮರ ಬೆಳೆಸುವುದು ಅದರ ಉದ್ದೇಶ. ವಿಶ್ವಬ್ಯಾಂಕಿನ ನೆರವಿನೊಡನೆ 1980ರ ದಶಕದಲ್ಲಿ ನಡೆದ ಈ ಯೋಜನೆಯಲ್ಲಿ ಸಸಿಗಳು ಕೋಟಿಗಟ್ಟಲೆ ಹಂಚಿಹೋದವು, ಆದರೆ ಅವುಗಳಲ್ಲಿ ಹೆಚ್ಚಿನವು ನೀಲಗಿರಿ. ದನ ಮುಟ್ಟದ, ಸೊಪ್ಪು ಮೇವಿಗೆ ಬಾರದ, ಕಾಗದ ಮತ್ತು ರೇಯಾನ್ ಕಾರ್ಖಾನೆಗೆ ಸಲ್ಲುವ ಆ ಮರವನ್ನು ಕೋಲಾರದಂತಹ ಜಿಲ್ಲೆಗಳಲ್ಲಿ ದೊಡ್ಡ ಹಿಡುವಳಿದಾರರು ರಾಗಿ ಹೊಲದಲ್ಲೇ ಸಾಲುಹಿಡಿದು ನೆಟ್ಟರು. ಅವರಿಗೆ ಏಳೆಂಟು ವರ್ಷ ಕಾಯುವುದು ಕಷ್ಟವಾಗಲಿಲ್ಲ. ಆಳುಕಾಳಿನ ತೊಂದರೆಯಿಲ್ಲದೆ ಪಟ್ಟಣದಲ್ಲಿ ಕುಳಿತೇ ಕಾಯಬಹುದಿತ್ತು. ರಾಗಿಯ ಕಳೆ, ಕೊಯ್ಲು, ಒಕ್ಕಣೆಯ ಕೂಲಿಯನ್ನು ನಂಬಿದ್ದ ಭೂಹೀನರ ಕೆಲಸ ಮಾತ್ರ ನೀಲಗಿರಿ ತೋಪಿನೊಳಗೆ ಕರಗಿಹೋಯಿತು. ಮರ ಹೆಚ್ಚಿತು, ಬಡವರ ಕೂಲಿ ತಗ್ಗಿತು. ಬಡತನ ನಿವಾರಣೆಯ ಹೆಸರಿನ ಯೋಜನೆಯೊಂದರ ಬಗ್ಗೆ ಇದಕ್ಕಿಂತ ಕಠಿಣ ಟೀಕೆ ಬೇಕಿಲ್ಲ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ, ಅಂತರ್ಜಲದ ಕಾರಣಕ್ಕೆ.

ಗೋಮಾಳದ ಕಥೆ ಇನ್ನೂ ನೇರವಾದದ್ದು. 1980ರ ದಶಕದಲ್ಲಿ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ತಿರುಳುಮರ ಬೆಳೆಸಲು ಸರ್ಕಾರಿ ನಿಗಮ ಮತ್ತು ಖಾಸಗಿ ಉದ್ಯಮದ ಜಂಟಿ ಕಂಪನಿಯೊಂದು ರೂಪುಗೊಂಡಿತು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲ ಕೈತಪ್ಪಿದ ಹಳ್ಳಿಗರು ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯ ಮುಂದಾಳುತನದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಕೀಳುವುದಕ್ಕೆ ಹಚ್ಚುವುದನ್ನು ಜೋಡಿಸಿದ ಆ ಹೆಸರಿನಲ್ಲೇ ಅವರ ವಾದವಿತ್ತು: ಮರಕ್ಕೆ ಅವರ ವಿರೋಧವಿರಲಿಲ್ಲ, ಯಾವ ಮರ ಬೇಕೆಂದು ಬೇರೆಯವರು ನಿರ್ಧರಿಸುವುದಕ್ಕೆ ಇತ್ತು. ಕೆಲವೇ ವರ್ಷಗಳಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಅದಕ್ಕೂ ಬಹಳ ಮೊದಲೇ ಪಶ್ಚಿಮ ಬಂಗಾಳದ ಮಿಡ್ನಾಪುರದ ಅರಾಬರಿಯಲ್ಲಿ ಬೇರೊಂದು ದಾರಿ ತೆರೆದಿತ್ತು. ಅರಣ್ಯಾಧಿಕಾರಿ ಅಜಿತ್ ಬ್ಯಾನರ್ಜಿ ಅವರು 1972ರಲ್ಲಿ ಹನ್ನೊಂದು ಹಳ್ಳಿಗಳೊಡನೆ ಒಪ್ಪಂದ ಮಾಡಿಕೊಂಡು, ಹಾಳಾದ ಸಾಲ್ ಕಾಡನ್ನು ಹಳ್ಳಿಗರು ಕಾದರೆ ಮಾರಾಟದ ಆದಾಯದಲ್ಲಿ ಶೇ. 25ರ ಪಾಲು ಕೊಡುವುದಾಗಿ ಹೇಳಿದರು. ಬೆಳೆಯುವವರೆಗೆ ನೆಡುವ, ಕಡಿಯುವ ಕೆಲಸಗಳ ಕೂಲಿಯೂ ಅವರಿಗೇ ಸಿಗುವಂತಾಯಿತು. ಕಾಯುವ ಎರಡೂ ಅರ್ಥಗಳು ಒಂದೇ ಕರಾರಿನಲ್ಲಿ ಕೂಡಿದ್ದರಿಂದ ಕಾಡು ಮತ್ತೆ ಚಿಗುರಿತು. 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಸುತ್ತೋಲೆಯ ಮೂಲಕ ಇದು ಜಂಟಿ ಅರಣ್ಯ ನಿರ್ವಹಣೆ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹರಡಿತು, 1993ರಲ್ಲಿ ಕರ್ನಾಟಕದಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಆದರೆ ಅರಾಬರಿಯ ಕರಾರು ಇಲ್ಲಿ ಬರುವಷ್ಟರಲ್ಲಿ ಸುತ್ತೋಲೆಯಾಗಿತ್ತು. ಮಲೆನಾಡಿನ ಸಮಿತಿಗಳಲ್ಲಿ ಕಾರ್ಯದರ್ಶಿ ಅರಣ್ಯ ಇಲಾಖೆಯವನು, ನೆಟ್ಟದ್ದು ಹೆಚ್ಚಾಗಿ ಅಕೇಶಿಯಾ, ಬೇಲಿಯ ಹೊರಗುಳಿದದ್ದು ದನ ಮೇಯಿಸುವವರು. ಯೋಜನೆಯ ಹಣ ಮುಗಿದಲ್ಲಿ ಬಹಳಷ್ಟು ಸಮಿತಿಗಳು ಮೌನವಾದವು.

ಕಾಡಿನ ಉತ್ಪನ್ನಕ್ಕೆ ಒಳ್ಳೆಯ ಮಾರುಕಟ್ಟೆ ಸಿಕ್ಕರೆ ಬಡತನ ತಾನಾಗಿ ತಗ್ಗುತ್ತದೆಂಬ ನಂಬಿಕೆಯೊಂದು ಬಹಳ ಜನರಲ್ಲಿದೆ. ಆ ನಂಬಿಕೆಯನ್ನು ಒರೆಗೆ ಹಚ್ಚಲು ಉತ್ತರ ಕನ್ನಡದ ಉಪ್ಪಾಗೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೆ ಸಿಗಲಾರದು. ಉಪ್ಪಾಗೆ ಘಟ್ಟದ ನಿತ್ಯಹಸುರು ಕಾಡಿನ ಮರ, ಮುರುಗಲಿನ ಬಳಗದ್ದು. ಅದರ ಹುಳಿ ಸಿಪ್ಪೆ ಸಾರಿಗೆ, ಬೀಜದಿಂದ ತೆಗೆದ ‘ಉಪ್ಪಾಗೆ ತುಪ್ಪ’ ಅಡುಗೆಗೆ. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಹೆಕ್ಕಿ ತರುವುದು ಊರಿನ ವಾಡಿಕೆಯಾಗಿತ್ತು. 1990ರ ದಶಕದ ಆರಂಭದಲ್ಲಿ ಈ ಸಿಪ್ಪೆಯಲ್ಲಿರುವ ಆಮ್ಲವೊಂದು ಬೊಜ್ಜು ಕರಗಿಸುತ್ತದೆಂಬ ಸುದ್ದಿ ಪಶ್ಚಿಮದ ದೇಶಗಳಲ್ಲಿ ಹಬ್ಬಿ, ಒಣಸಿಪ್ಪೆಯ ಬೆಲೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಭೂಹೀನ ಕುಟುಂಬಗಳಿಗೆ ಮಳೆಗಾಲದ ಮೂರು ತಿಂಗಳಲ್ಲಿ ಹಿಂದೆಂದೂ ಕಾಣದ ನಗದು ಕಂಡಿತು. ಇಷ್ಟಕ್ಕೆ ನಿಲ್ಲಿಸಿದರೆ ಇದು ಯಶಸ್ಸಿನ ಕಥೆ.

ಆದರೆ ಸಂಗ್ರಹದ ಅಧಿಕಾರ ಇಲಾಖೆಯ ಹರಾಜಿನಲ್ಲಿ ಗುತ್ತಿಗೆದಾರನಿಗೆ ಹೋಗಿತ್ತು, ಅದೂ ಅಲ್ಪಾವಧಿಗೆ. ಗುತ್ತಿಗೆ ಮುಗಿದ ಮೇಲೆ ಮರ ಏನಾದರೂ ಅವನಿಗೆ ನಷ್ಟವಿಲ್ಲ. ಕೊಯ್ಯುವವರಿಗೆ ಕಾಡಿನ ಯಾವ ಮರದ ಮೇಲೂ ಹಕ್ಕಿರಲಿಲ್ಲವಾದ್ದರಿಂದ ಇಂದು ಬಿಟ್ಟ ಕಾಯಿ ನಾಳೆ ಪಕ್ಕದವರ ಚೀಲದಲ್ಲಿರುತ್ತಿತ್ತು. ಹಣ್ಣಾಗುವ ಮೊದಲೇ ಕೀಳುವುದು, ಕೈಗೆಟುಕದ ಕೊಂಬೆಯನ್ನು ಕಡಿದು ಕೆಡವುವುದು ಹೀಗೆ ಶುರುವಾಯಿತು. ಎಳೆಗಾಯಿಯ ಸಿಪ್ಪೆ ತೂಕ ಬರದು, ಬೀಜ ಮೊಳೆಯದು. ಮಳೆಯಲ್ಲಿ ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಅಟ್ಟದ ಮೇಲೆ ಹೊಗೆಗೊಡ್ಡಿ ಒಣಗಿಸಬೇಕಾಗಿದ್ದು, ಅದಕ್ಕೆ ಅದೇ ಕಾಡಿನ ಸೌದೆ ರಾಶಿಗಟ್ಟಲೆ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಯೋಗ, ಆ ಆಮ್ಲದಿಂದ ತೂಕ ಇಳಿಯುವುದಕ್ಕೆ ಪುರಾವೆಯಿಲ್ಲವೆಂದಿತು. ಬೆಲೆಯೂ ಹಳೆಯ ಎತ್ತರದಲ್ಲಿ ನಿಲ್ಲಲಿಲ್ಲ. ದೂರದ ಯಾವುದೋ ನಗರದ ಸೊಂಟದ ಸುತ್ತಳತೆಯನ್ನು ನೆಚ್ಚಿದ ಆದಾಯ ಬಂದಷ್ಟೇ ಬೇಗ ಹೋಯಿತೆನ್ನಬಹುದು.

ಇದೇ ಜಿಲ್ಲೆಯಲ್ಲಿ ಇದಕ್ಕೆ ವ್ಯತಿರಿಕ್ತವಾದ ಏರ್ಪಾಡೂ ಇದೆ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ತರಲು ಬೆಳೆಗಾರರಿಗೆ ಬಿಟ್ಟುಕೊಟ್ಟ ಕಾಡೇ ಸೊಪ್ಪಿನಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಸಿಕ್ಕಿದ್ದುಂಟು. ಬೆಟ್ಟದ ಗಡಿ ಯಾರದೆಂದು ಗೊತ್ತಿರುವುದರಿಂದ ಅದರೊಳಗಿನ ಉಪ್ಪಾಗೆ ಹಣ್ಣಾಗುವವರೆಗೆ ಬಿಡುವುದು ಸಾಧ್ಯವಿತ್ತು. ಭದ್ರವಾದ ಅಧಿಕಾರ ಮನುಷ್ಯರಿಗೆ ಕಾಯುವ ಬಲ ಕೊಡುತ್ತದೆಂಬುದಕ್ಕೆ ಬೆಟ್ಟ ಸಾಕ್ಷಿ. ಆದರೆ ಅದು ತೋಟವಿದ್ದವರಿಗೆ ಮಾತ್ರ ದೊರೆತ ಬಲ. ತೋಟವಿಲ್ಲದ ಹಾಲಕ್ಕಿ, ಸಿದ್ದಿ, ಮುಕ್ರಿ ಕುಟುಂಬಗಳಿಗೆ ಬೆಟ್ಟವೂ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಅನುಭವ ಈ ವಾದಕ್ಕೆ ಮತ್ತೊಂದು ಮುಖ ಕೊಡುತ್ತದೆ. ನೆಲ್ಲಿಕಾಯಿ, ಜೇನು, ಕಲ್ಲುಹೂವು, ಸೀಗೆ, ಅಳಲೆ ಇವುಗಳ ಸಂಗ್ರಹ ಅವರ ನಗದಿನ ದೊಡ್ಡ ಮೂಲವಾಗಿತ್ತು. ಮಾರಾಟಕ್ಕೆ ಲ್ಯಾಂಪ್ಸ್ ಎಂದು ಕರೆಯುವ ಆದಿವಾಸಿ ಸಹಕಾರ ಸಂಘವಿತ್ತು. 1980ರ ದಶಕದಿಂದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ನಂತರ ಸಂಶೋಧನಾ ಸಂಸ್ಥೆಗಳೂ ಹಸನುಮಾಡುವ ಘಟಕಗಳಿಗೆ, ಕೊಯ್ಲಿನ ಪ್ರಮಾಣವನ್ನು ಸೋಲಿಗರೇ ಅಂದಾಜು ಮಾಡುವ ಪದ್ಧತಿಗೆ ಕೈಹಾಕಿದವು. 1974ರಲ್ಲೇ ವನ್ಯಜೀವಿಧಾಮವಾಗಿದ್ದ ಆ ಕಾಡಿನಲ್ಲಿ, ತಿದ್ದುಪಡಿಯಾದ ವನ್ಯಜೀವಿ ಕಾನೂನಿನ ಹೆಸರಿನಲ್ಲಿ 2006ರಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದನ್ನೇ ನಿಲ್ಲಿಸಲಾಯಿತು. ಪೋಡುಗಳ, ಎಂದರೆ ಸೋಲಿಗರ ಹಾಡಿಗಳ, ಹಲವು ಕುಟುಂಬಗಳು ಕಾಫಿತೋಟದ ಕೂಲಿಗೆ ಹೊರಟವು. ನೆಲ್ಲಿಮರಕ್ಕೆ ಇದರಿಂದ ಒಳಿತಾಯಿತೇ ಎಂದರೆ ಹಾಗೆ ಹೇಳಲು ಆಧಾರವಿಲ್ಲ. ಬೇಸಿಗೆಯ ಮೊದಲು ನೆಲಮಟ್ಟದಲ್ಲಿ ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹಬ್ಬಿತೆಂದೂ, ನೆಲ್ಲಿಯ ಮೇಲೆ ಬೆಳೆದು ಅದನ್ನು ಹೀರುವ ‘ಉಪ್ಪಿಲು’ ಎಂಬ ಬದನಿಕೆ ಹೆಚ್ಚಿತೆಂದೂ ಸೋಲಿಗರು ಹೇಳುತ್ತ ಬಂದಿದ್ದಾರೆ, ಆ ಮಾತಿಗೆ ವಿಜ್ಞಾನಿಗಳ ಅಧ್ಯಯನಗಳೂ ಕಿವಿಗೊಟ್ಟಿವೆ. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು.

ಸಾಮುದಾಯಿಕ ಅರಣ್ಯ ಹಕ್ಕೆಂದರೆ 2006ರ ಅರಣ್ಯ ಹಕ್ಕು ಕಾಯಿದೆಯಡಿ ಗ್ರಾಮಸಭೆಗೆ ಒಟ್ಟಾಗಿ ಸಿಗುವ ಅಧಿಕಾರ; ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವ, ಮಾರುವ, ತನ್ನ ಪಾರಂಪರಿಕ ಗಡಿಯೊಳಗಿನ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕುಗಳೆಲ್ಲ ಅದರಲ್ಲಿ ಸೇರಿವೆ. ಒಬ್ಬೊಬ್ಬರ ಸಾಗುವಳಿ ಪಟ್ಟಾಗಳ ಗದ್ದಲದಲ್ಲಿ ಈ ಸಾಮುದಾಯಿಕ ಹಕ್ಕು ಮರೆಯಾಗಿರುವುದು ದುರದೃಷ್ಟಕರ, ಏಕೆಂದರೆ ಬಡತನದ ಮಟ್ಟಿಗೆ ಹೆಚ್ಚು ಫಲ ಕೊಡಬಲ್ಲದ್ದು ಇದೇ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಗ್ರಾಮಕ್ಕೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಮೇಲೆ ಇಂಥ ಹಕ್ಕು ಸಿಕ್ಕಿತು. ಬಿದಿರು ಇಲಾಖೆಗೆ ಸೇರಿದ ಮರವೋ, ಗ್ರಾಮಸಭೆ ಮಾರಬಹುದಾದ ಹುಲ್ಲೋ ಎಂಬ ಜಗಳ ದಾಟಿ 2011ರಲ್ಲಿ ಬಿದಿರಿನ ಸಾಗಣೆ ಪರವಾನಗಿ ಕೊಡುವ ಅಧಿಕಾರವೂ ಗ್ರಾಮಸಭೆಯ ಕೈಗೆ ಬಂದ ಮೇಲೆ, ಯಾವ ಕಂಪಾರ್ಟ್‌ಮೆಂಟಿನಲ್ಲಿ ಎಷ್ಟು ಕಡಿಯಬೇಕು, ಯಾರಿಗೆ ಮಾರಬೇಕು, ಕೂಲಿ ಎಷ್ಟು ಎಂಬುದನ್ನು ಊರೇ ತೀರ್ಮಾನಿಸತೊಡಗಿತು.

ಇಂಥದ್ದು ಕರ್ನಾಟಕಕ್ಕೆ ಹೊಸದೇನಲ್ಲ. ಕುಮಟಾ ಪಕ್ಕದ ಹಳಕಾರದಲ್ಲಿ, ಹಳ್ಳಿಗರ ಕಾಡಿನ ಸವಲತ್ತುಗಳ ಕುರಿತ 1921ರ ಕಾಲಿನ್ಸ್ ವರದಿಯ ಬಳಿಕ, 1920ರ ದಶಕದಲ್ಲಿ ಆರಂಭವಾದ ಗ್ರಾಮ ಅರಣ್ಯ ಪಂಚಾಯತಿ ತಾನೇ ಕಾವಲುಗಾರನನ್ನು ನೇಮಿಸಿ, ಮನೆಗಳಿಂದ ಚಂದಾ ಎತ್ತಿ, ಸೌದೆ ಸೊಪ್ಪುಗಳ ಕಟ್ಟಳೆ ಮಾಡಿಕೊಂಡು ಬಂದಿತು. 1979ರಲ್ಲಿ ರಾಜ್ಯ ಸರ್ಕಾರ ಇಂಥ ಪಂಚಾಯತಿಗಳನ್ನು ರದ್ದುಮಾಡಿದಾಗ ಹಳಕಾರದವರು ನ್ಯಾಯಾಲಯದ ಮೊರೆಹೊಕ್ಕು ತಮ್ಮ ಕಾಡನ್ನು ಉಳಿಸಿಕೊಂಡರು. ಪಟ್ಟಣದ ಅಂಚಿನಲ್ಲಿದ್ದೂ ಆ ಕಾಡು ದಟ್ಟವಾಗಿ ಉಳಿದದ್ದನ್ನು ಪರಿಸರ ವಿಜ್ಞಾನಿಗಳು ದಾಖಲಿಸಿದ್ದಾರೆ.

ಸ್ವಂತ ತುಂಡುಭೂಮಿಯಲ್ಲಿ ಮರ ಬೆಳೆಸುವ ಕೃಷಿ ಅರಣ್ಯದ ವಿಚಾರವನ್ನೂ ಬಿಡುವಂತಿಲ್ಲ. ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೆಂಬ ಕಟ್ಟಳೆ ಇದ್ದಷ್ಟು ಕಾಲ ರೈತರ ಪಾಲಿಗೆ ಆ ಸಸಿ ಒಂದು ಪೀಡೆಯಾಗಿತ್ತು. 2001ರ ತಿದ್ದುಪಡಿ ಭೂಮಾಲೀಕರನ್ನೇ ಮರದ ಒಡೆಯರನ್ನಾಗಿಸಿತು. ಒಡೆತನ ಬಂತು, ಕಾವಲಿನ ಖರ್ಚು ಮಾತ್ರ ತಪ್ಪಲಿಲ್ಲ: ತಂತಿಬೇಲಿ, ನಾಯಿ, ಕ್ಯಾಮೆರಾ ಇಡಬಲ್ಲವರಿಗಷ್ಟೇ ಇಂದು ಗಂಧ ಲಾಭದ ಬೆಳೆ. ಒಂದೆರಡು ಎಕರೆಯವರಿಗೆ ಬದುವಿನ ಹುಣಸೆ, ಹೊಂಗೆ, ಹಲಸು, ಹೆಬ್ಬೇವುಗಳೇ ಒಪ್ಪುವಂಥವು, ಏಕೆಂದರೆ ಅಲ್ಲಿ ರಾಗಿ ಇಂದಿನ ಊಟವನ್ನೂ ಮರ ನಾಳಿನ ಖರ್ಚನ್ನೂ ನೋಡಿಕೊಳ್ಳುತ್ತದೆ. ನೆಟ್ಟದ್ದಕ್ಕಲ್ಲ, ಬದುಕುಳಿದ ಸಸಿಗೆ ವರ್ಷವರ್ಷ ಹಣ ಕೊಡುವ ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ತತ್ವ ಈ ದೃಷ್ಟಿಯಿಂದ ಸರಿಯಾದದ್ದು. ಬಿಹಾರದ ಮುಜಫ್ಫರ್‌ಪುರದಲ್ಲಿ ಉದ್ಯೋಗ ಖಾತರಿ ಯೋಜನೆಯ ಹಣದಿಂದ ರಸ್ತೆಬದಿಯ ಸಸಿಗಳ ಗುಂಪುಗಳನ್ನು ಬಡ ಕುಟುಂಬಗಳಿಗೆ ವಹಿಸಿ, ಅವುಗಳನ್ನು ಕಾದದ್ದಕ್ಕೆ ಹಲವು ವರ್ಷ ಕೂಲಿ ಕೊಟ್ಟ ಪ್ರಯೋಗವೂ ಅದೇ ಜಾತಿಯದು. ಫಸಲಿನ ಮೇಲೆ ಮುಂಗಡ, ಹುಣಸೆ ಬೆಲೆ ಏರುವವರೆಗೆ ಇಡಲು ಶೀತಲಗೃಹ, ಸಂಘದ ತೂಕದ ಕಲ್ಲು ಇವು ಸಣ್ಣ ಮಾತುಗಳೆನಿಸಬಹುದು, ಆದರೆ ಹೂವಿನಲ್ಲೇ ಮರ ಮಾರುವವರ ಕೈಯನ್ನು ಹಿಡಿದು ನಿಲ್ಲಿಸುವುದು ಇವೇ.

ಊರಿನ ಕೈಗೆ ಕಾಡು ಕೊಟ್ಟರೆ ಊರಿನ ಬಲಾಢ್ಯರ ಕೈಗೆ ಕೊಟ್ಟಂತೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಸೊಪ್ಪಿನಬೆಟ್ಟದ ಇತಿಹಾಸವೇ ಅದಕ್ಕೆ ಪುಷ್ಟಿ ಕೊಡುತ್ತದೆ. ನೇಪಾಳದ ಸಾಮುದಾಯಿಕ ಅರಣ್ಯ ಬಳಕೆದಾರರ ಗುಂಪುಗಳಲ್ಲೂ ಈ ದೂರು ಎದ್ದು, ಕಾಡಿನ ಉತ್ಪನ್ನದ ಆದಾಯದಲ್ಲಿ ಕನಿಷ್ಠ ಶೇ. 35ನ್ನು ಬಡ ಕುಟುಂಬಗಳಿಗಾಗಿ ಮೀಸಲಿಡುವ ನಿಯಮ ಬಂದಿತು. ಇಲ್ಲಿನ ಗ್ರಾಮಸಭೆಗಳಿಗೂ ಅಂಥ ನಿಯಮ ಬೇಕು, ಸೌದೆ ಹೊರುವ ಹೆಂಗಸರು ಕುಳಿತು ಮಾಡಿದ ನಿಯಮವಾದರೆ ಇನ್ನೂ ಒಳ್ಳೆಯದು. ಕಾಡೊಂದರಿಂದಲೇ ಬಡತನ ನೀಗುತ್ತದೆಂದೂ ಯಾರೂ ಹೇಳಲಾರರು. ಶಾಲೆ, ಆಸ್ಪತ್ರೆ, ಪಡಿತರ ಸರಿಯಿರುವ ಊರಿನಲ್ಲಿ ಜನ ಹಸಿ ಕೊಂಬೆಗೆ ಕೈಹಾಕುವುದು ತಾನಾಗಿ ತಗ್ಗುತ್ತದೆ.

ಕರ್ನಾಟಕದಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸಲ್ಲಿಕೆಯಾದ ಎರಡೂವರೆ ಲಕ್ಷಕ್ಕೂ ಮೀರಿದ ಅರ್ಜಿಗಳಲ್ಲಿ ಹಕ್ಕುಪತ್ರ ಕಂಡದ್ದು ಸಣ್ಣ ಪಾಲು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷಗಳ ವಾಸಕ್ಕೆ ಪುರಾವೆ ತರಲಾರದೆ ಸೋತಿದ್ದಾರೆ. ಆದರೆ ಗ್ರಾಮಸಭೆಯ ಸಾಮುದಾಯಿಕ ಹಕ್ಕಿನ ವಿಷಯದಲ್ಲಿ 2012ರ ತಿದ್ದುಪಡಿ ನಿಯಮಗಳು ಹೊಣೆಯನ್ನು ಜಿಲ್ಲಾ ಮಟ್ಟದ ಸಮಿತಿಯ ಮೇಲೆಯೇ ಹೊರಿಸಿವೆ: ಅರಣ್ಯವಾಸಿಗಳಿರುವ ಪ್ರತಿಯೊಂದು ಹಳ್ಳಿಗೂ ಆ ಹಕ್ಕನ್ನು ಗುರುತಿಸಬೇಕು, ಗುರುತಿಸದಿದ್ದರೆ ಏಕೆಂಬ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಈ ಸಭೆಯಲ್ಲಿರುವ ವಕೀಲರು, ಅಧ್ಯಾಪಕರು, ನಿವೃತ್ತ ಅಧಿಕಾರಿಗಳು ತಮ್ಮ ತಮ್ಮ ತಾಲೂಕಿನ ಕಾಡಂಚಿನ ಒಂದೊಂದು ಹಳ್ಳಿಯ ಹೆಸರು ಹೇಳಿ, ಆ ಲಿಖಿತ ಕಾರಣದ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕೆಂದು ಈ ಉಪನ್ಯಾಸ ವಿನಂತಿಸುತ್ತದೆ.